ನೆಲದಡಿಯ ಗೋಡೆಗಳು

(ಸಿನ್ನರಿನಲ್ಲಿ ಕನ್ನಡ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಗಣಿಯ ಸುರಂಗಗಳಲ್ಲಿ ಗೋಡೆ ಕಟ್ಟುವ ಕೆಲಸವನ್ನು ಕುರಿತು ಎರಡು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವವರಿಗೂ, ಗಿರಣಿಯಲ್ಲಿ ಸಾಂಚಾ ನಡೆಸಿದವರಿಗೂ, ಇಲ್ಲಿಯ ಮಾಳೇಗಾಂವ, ಮುಸಳಗಾಂವ ವಸಾಹತುಗಳ ಕಾರಖಾನೆಗಳಲ್ಲಿ ಪಾಳಿ ಮಾಡುವವರಿಗೂ ಗಣಿಯ ಗೋಡೆಯಿಂದ ಆಗಬೇಕಾದ್ದೇನು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆಗಬೇಕಾದ್ದು ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಗೋಡೆಯ ವಿಷಯ ತಿಳಿದುಕೊಳ್ಳೋಣ.

ಈ ಊರಿನ ಗೊಂದೇಶ್ವರ ದೇವಾಲಯವನ್ನು ನೋಡದವರು ಇಲ್ಲಿ ಇರಲಾರರು. ಅದು ಸೇವುಣ ಯಾದವರ ಕಾಲದ ಕೆಲಸ. ಆ ಅರಸರು ದೇವಗಿರಿಗೆ ಹೋಗುವುದಕ್ಕೆ ಮುಂಚೆ ಈ ಸೀಮೆಯಿಂದಲೇ ಆಳಿದರು. ಅವರ ಶಾಸನಗಳಲ್ಲಿ ಎಷ್ಟೋ ಕನ್ನಡದವು. ಆ ಗುಡಿಯ ಕಲ್ಲುಗಳು ಸುಣ್ಣದ ಗಾರೆಯನ್ನು ನೆಚ್ಚಿ ನಿಂತವಲ್ಲ. ಕಲ್ಲಿನ ಭಾರ, ಕಲ್ಲಿನ ಕೂಡಿಕೆ, ಕಲ್ಲು ಕೂರಿಸಿದವನ ಕಣ್ಣಳತೆ, ಈ ಮೂರರ ಬಲದಿಂದ ನೂರಾರು ವರ್ಷ ನಿಂತಿವೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಭಾರ ಹೊರಿಸುವ ಇದೇ ವಿದ್ಯೆಯನ್ನು ನಮ್ಮ ನಾಡಿನ ಕೂಲಿಕಾರರು ನೆಲದಡಿಗೂ ಒಯ್ದರು. ಒಯ್ದ ಸ್ಥಳ ಕೋಲಾರದ ಚಿನ್ನದ ಗಣಿ.

ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯವರು 1880ರ ಸುಮಾರಿಗೆ ಕೆಲಸ ಹಿಡಿದರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಹೆಸರಾದವು. ಆ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. 1956ರಲ್ಲಿ ಮೈಸೂರು ಸರಕಾರ, 1962ರಲ್ಲಿ ಕೇಂದ್ರ ಸರಕಾರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ ಮೇಲೆ ಬಂದ ಚಿನ್ನ ಸುಮಾರು 800 ಟನ್ನು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆನಿಸಿತು. ಅಷ್ಟು ಆಳದಲ್ಲಿ ಬಂಡೆಯ ಕಾವೇ 60 ಡಿಗ್ರಿಗೆ ಮೀರಿರುತ್ತಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1965ರಲ್ಲಿ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣದ ಸುಳಿವು ಹಿಡಿದದ್ದು ಇದೇ ಗಣಿಯ ಆಳದಲ್ಲಿ. ವಿಜ್ಞಾನಿಗಳು ಅಲ್ಲಿ ಕುಳಿತು ಯಂತ್ರ ನೋಡಬೇಕಾದರೆ ಅವರ ತಲೆಯ ಮೇಲಿನ ಬಂಡೆ ನಿಂತಿರಬೇಕಷ್ಟೆ. ಅದನ್ನು ನಿಲ್ಲಿಸುವ ಕೆಲಸ ಗಣಿಯ ಕೂಲಿಕಾರರದು.

ಆ ಭಾರ ಎಷ್ಟೆಂದು ಲೆಕ್ಕ ಹಾಕೋಣ. ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಗಟ್ಟಿಕಲ್ಲು ಸುಮಾರು 2.7 ಟನ್ನು ತೂಗುತ್ತದೆ. ಅಂತಹ ಮೂರು ಸಾವಿರ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೂರು ಕಿಲೋಮೀಟರು. ಅಂದರೆ ಆ ಆಳದಲ್ಲಿ ಒಂದು ಚದರ ಮೀಟರು ಜಾಗದ ಮೇಲೆ ಬೀಳುವ ಒತ್ತಡ ಸುಮಾರು 8,000 ಟನ್ನು. ಮನುಷ್ಯ ಕಟ್ಟಿದ ಯಾವ ಗೋಡೆಯೂ ಈ ಭಾರವನ್ನು ತಾನೊಂದೇ ಹೊರಲಾರದು. ಹಾಗಾದರೆ ಗೋಡೆ ಏಕೆ?

ಸುರಂಗ ಕೊರೆದಾಗ ಮೊದಲು ಆ ಜಾಗದಲ್ಲಿದ್ದ ಕಲ್ಲು ಹೊತ್ತಿದ್ದ ಭಾರ ಸುತ್ತಲ ಬಂಡೆಗೆ ಹಂಚಿಹೋಗುತ್ತದೆ. ಬಂಡೆಯೇ ಕಮಾನಿನಂತೆ ನಿಂತು ಬೆಟ್ಟವನ್ನು ಹೊರುತ್ತದೆ. ಆದರೆ ಸುರಂಗದ ಅಂಚಿನ ಒಂದೆರಡು ಮೀಟರು ಬಂಡೆ ಮದ್ದಿನ ಏಟಿಗೂ ಒತ್ತಡಕ್ಕೂ ಬಿರಿದಿರುತ್ತದೆ. ಈ ಬಿರಿದ ಬಂಡೆ ಕಳಚಿ ಬಿದ್ದರೆ ಅದರ ಹಿಂದಿನದು ಸಡಿಲುತ್ತದೆ. ಅದು ಬಿದ್ದರೆ ಅದರ ಹಿಂದಿನದು. ಗೋಡೆಯ ಕೆಲಸ ಈ ಮೊದಲ ತುಂಡನ್ನು ಅದರ ಜಾಗದಲ್ಲಿ ಹಿಡಿದಿಡುವುದು. ಮೊದಲನೆಯದು ಕದಲದಿದ್ದರೆ ಉಳಿದದ್ದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಕೋಲಾರದಲ್ಲಿ ಅದಿರಿನ ಪದರ ತೆಳ್ಳಗೆ, ಬಹಳ ಓರೆಯಾಗಿ ಆಳಕ್ಕೆ ಇಳಿದಿತ್ತು. ಅದಿರು ತೆಗೆದ ಮೇಲೆ ಎರಡು ಬಂಡೆಗಳ ನಡುವೆ ಬಿರುಕಿನಂತಹ ದೊಡ್ಡ ಖಾಲಿ ಜಾಗ ಉಳಿಯುತ್ತಿತ್ತು. ಅದನ್ನು ಸ್ಟೋಪು ಎನ್ನುತ್ತಾರೆ. ಮೊದಮೊದಲು ಅಲ್ಲಿ ಮರದ ದಿಮ್ಮಿಗಳ ಆಸರೆ ಕೊಟ್ಟರು. ಆಳ ಹೆಚ್ಚಿದಂತೆ ಮರ ಸಾಲದಾಯಿತು. ಮರಕ್ಕೆ ಬೆಂಕಿಯ ಭಯ, ಕೊಳೆಯುವ ಭಯ ಬೇರೆ. ಆಮೇಲೆ ಕೆತ್ತಿದ ಗ್ರಾನೈಟು ಕಲ್ಲುಗಳನ್ನು ಮೇಲಿನಿಂದ ಇಳಿಸಿ ಗೋಡೆ ಕಟ್ಟಿದರು. ಅದಕ್ಕೂ ಮುಂದಿನ ಕಾಲದಲ್ಲಿ ಕಾಂಕ್ರೀಟು ತುಂಬಿದರು, ಗಿರಣಿಯಲ್ಲಿ ಅದಿರು ಅರೆದು ಉಳಿದ ಮರಳನ್ನೂ ತುಂಬಿದರು. ಏಕೆ ಇಷ್ಟು ಪಾಡು? ಕೋಲಾರದ ಗಣಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಒಂದು ಮೃತ್ಯು ಅಂಟಿಕೊಂಡಿತ್ತು. ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು. ಒತ್ತಡ ತಡೆಯಲಾರದೆ ಬಂಡೆ ಮದ್ದಿಟ್ಟಂತೆ ಒಡೆದು ಸುರಂಗದೊಳಕ್ಕೆ ಎರಚುತ್ತಿತ್ತು. ಮೇಲಿನ ಊರಿನ ಮನೆಗಳೂ ಅದುರುತ್ತಿದ್ದವು. ಪಾತ್ರೆ ಅದುರಿದ ಕೂಡಲೆ ಹೆಂಗಸರು ಗಣಿಯ ಬಾಯಿಗೆ ಓಡಿ ಬರುವ ಕಾಲ ಅದು. ಬಂಡೆಯ ಈ ನಡತೆಯನ್ನು ಅಭ್ಯಾಸ ಮಾಡಲೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆಯನ್ನು ಕೋಲಾರದ ಗಣಿಯಲ್ಲಿ ತೆರೆದರು.

ಇನ್ನು ಕಲ್ಲಿನ ಗೋಡೆ ಕಟ್ಟುವ ಬಗೆ. ಮೊದಲು ತಳದ ಪುಡಿ, ಕೆಸರು ಎಲ್ಲ ಕೆರೆದು ಗಟ್ಟಿಬಂಡೆ ಕಾಣಿಸಬೇಕು. ಪುಡಿಯ ಮೇಲೆ ಕಟ್ಟಿದ ಗೋಡೆ ಭಾರ ಬಿದ್ದ ಕೂಡಲೆ ಕುಸಿಯುತ್ತದೆ. ಅದಕ್ಕೂ ಮುಂಚೆ ತಲೆಯ ಮೇಲಿನ ಬಂಡೆಯನ್ನು ಉದ್ದ ಹಾರೆಯಿಂದ ತಟ್ಟಿ ನೋಡಬೇಕು. ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ. ಬಿರಿದ ಬಂಡೆ ಒಡೆದ ಮಡಕೆಯಂತೆ ಬೊದ್ದೆನ್ನುತ್ತದೆ. ಬೊದ್ದೆಂದದ್ದನ್ನು ದೂರದಲ್ಲಿ ನಿಂತು ಕೆಡವಿದ ಮೇಲೆಯೇ ಅದರ ಕೆಳಗೆ ಹೋಗುವುದು. ಆಮೇಲೆ ಎರಡು ಮುಖಕ್ಕೂ ದೊಡ್ಡ ಕಲ್ಲು, ಚಪ್ಪಟೆಯ ಮೈ ಕೆಳಗೆ ಮಾಡಿ ಇಡಬೇಕು. ನಡುವೆ ಚಿಕ್ಕ ಕಲ್ಲನ್ನು ಸುರಿಯಬಾರದು, ಕೈಯಿಂದ ಜೋಡಿಸಬೇಕು. ಸುರಿದದ್ದು ಸಂದು ಬಿಡುತ್ತದೆ. ಸಂದು ಬಿಟ್ಟಷ್ಟು ಗೋಡೆ ಕುಗ್ಗುತ್ತದೆ. ಕುಗ್ಗಿದಷ್ಟು ಬಂಡೆ ಇಳಿಯುತ್ತದೆ. ಅಲ್ಲಲ್ಲಿ ಒಂದು ಉದ್ದಗಲ್ಲನ್ನು ಈ ಮುಖದಿಂದ ಆ ಮುಖಕ್ಕೆ ಅಡ್ಡ ಹಾಯಿಸಿ ಎರಡೂ ಮುಖಗಳನ್ನು ಬಿಗಿಯಬೇಕು. ಒಂದು ಸಾಲಿನ ಸಂದಿನ ಮೇಲೆ ಮುಂದಿನ ಸಾಲಿನ ಸಂದು ಬರಬಾರದು. ಇವೆಲ್ಲ ನಮ್ಮ ಹಳ್ಳಿಯ ಒಡ್ಡರೂ ಬಲ್ಲ ಮಾತು, ಹೊಲದ ಬದುವಿನ ಗೋಡೆಗೂ ಸಲ್ಲುವ ಮಾತು.

ಗಣಿಯ ಗೋಡೆಗೆ ಮಾತ್ರ ಇನ್ನೊಂದು ಕೆಲಸ ಹೆಚ್ಚು. ಗೋಡೆಯ ತಲೆ ಮೇಲಿನ ಬಂಡೆಗೆ ಮುಟ್ಟಬೇಕು. ಕೊನೆಯ ಒಂದು ಗೇಣು ಜಾಗಕ್ಕೆ ಮರದ ತುಂಡು, ಕಲ್ಲಿನ ಚಕ್ಕೆ ಇಟ್ಟು ಬೆಣೆ ಬಡಿದು ಬಿಗಿ ಮಾಡಬೇಕು. ಕಷ್ಟದ ಕೆಲಸ ಇದೇ. ಕೈ ಎತ್ತಿ, ಕುತ್ತಿಗೆ ಮುರಿದುಕೊಂಡು, ದೀಪದ ಬೆಳಕಿನಲ್ಲಿ ಮಾಡುವ ಕೆಲಸ. ಇದನ್ನು ಬಿಟ್ಟರೆ ಹೊರಗಿನಿಂದ ಕಣ್ಣಿಗೆ ಬೀಳದು. ಗೋಡೆ ಗೋಡೆಯಂತೆಯೇ ಕಾಣಿಸುತ್ತದೆ. ಆದರೆ ಬಂಡೆಗೆ ಮುಟ್ಟದ ಗೋಡೆ ಏನನ್ನೂ ಹೊತ್ತಿಲ್ಲ.

ಬಂಡೆ ಹಿಡಿಯುವ ಗೋಡೆಯಲ್ಲದೆ ಗಣಿಯಲ್ಲಿ ಇನ್ನೂ ಮೂರು ಬಗೆಯ ಗೋಡೆಗಳಿವೆ.

ಮೊದಲನೆಯದು ಗಾಳಿಯ ಗೋಡೆ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಹಳೆಯ ಸುರಂಗ ತೆರೆದಿದ್ದರೆ ಅತ್ತ ನುಗ್ಗಿ ಮೇಲಕ್ಕೆ ಹೋಗಿಬಿಡುತ್ತದೆ. ಕೆಲಸಗಾರ ನಿಂತ ಕಡೆ ಉಸಿರು ಕಟ್ಟುತ್ತದೆ. ಆದ್ದರಿಂದ ಕೆಲಸ ಮುಗಿದ ದಾರಿಗಳಿಗೆ ಗೋಡೆ ಹಾಕಿ ಗಾಳಿಯನ್ನು ಬೇಕಾದಲ್ಲಿಗೆ ತಿರುಗಿಸುತ್ತಾರೆ. ಹೋಗಿ ಬರುವ ದಾರಿಯಾದರೆ ಎರಡು ಬಾಗಿಲು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಕಲ್ಲಿದ್ದಲಿನ ಗಣಿಯಲ್ಲಿ ಬೆಂಕಿ ಬಿದ್ದ ಭಾಗವನ್ನೂ ಹೀಗೆಯೇ ಗೋಡೆ ಹಾಕಿ ಮುಚ್ಚಿ ಬೆಂಕಿಗೆ ಗಾಳಿ ತಪ್ಪಿಸುತ್ತಾರೆ.

ಎರಡನೆಯದು ತುಂಬಿದ ಮರಳನ್ನು ತಡೆಯುವ ಗೋಡೆ. ಸ್ಟೋಪಿನ ಖಾಲಿ ಜಾಗಕ್ಕೆ ಮರಳನ್ನು ನೀರಿನೊಡನೆ ಕಲಸಿ ಕೊಳವೆಯಲ್ಲಿ ಬಿಡುತ್ತಾರೆ. ಅದು ಹೊರಗೆ ಹರಿಯದಂತೆ ಬಾಯಿಗೆ ಒಂದು ತಡೆ ಬೇಕು. ಇದರ ರಹಸ್ಯವೆಲ್ಲ ನೀರು ಬಸಿಯುವುದರಲ್ಲಿದೆ. ಮರಳು ಒಳಗೆ ನಿಲ್ಲಬೇಕು, ನೀರು ಹೊರಗೆ ಹೋಗಬೇಕು. ನೀರು ಬಸಿದ ಮರಳು ನೆಲದಂತೆ ಗಟ್ಟಿ. ನೀರು ಬಸಿಯದ ಮರಳು ಗಂಜಿ. ಅದು ಗೋಡೆಯನ್ನು ಒದ್ದು ಬಂದರೆ ಓಡಲು ಸಮಯ ಸಿಕ್ಕದು.

ಮೂರನೆಯದು ನೀರಿನ ತಡೆ. ನೀರಿನ ಲೆಕ್ಕ ಸುಲಭ. ಹತ್ತು ಮೀಟರು ಎತ್ತರದ ನೀರು ಒಂದು ಚದರ ಮೀಟರಿನ ಮೇಲೆ ಹತ್ತು ಟನ್ನು ಒತ್ತುತ್ತದೆ. ಹಳೆಯ ಗಣಿಯಲ್ಲಿ ನೂರು ಮೀಟರು ಎತ್ತರ ನೀರು ನಿಂತಿದ್ದರೆ ಚದರ ಮೀಟರಿಗೆ ನೂರು ಟನ್ನು. ಎರಡು ಮೀಟರು ಅಗಲ, ಎರಡು ಮೀಟರು ಎತ್ತರದ ಒಂದು ಸಣ್ಣ ಸುರಂಗಕ್ಕೆ ಅಡ್ಡ ಕಟ್ಟಿದ ತಡೆಯ ಮೇಲೆ ಆಗ ನಾನೂರು ಟನ್ನು. ನಲವತ್ತು ಲಾರಿಗಳಿಗೆ ಹತ್ತತ್ತು ಟನ್ನಿನಂತೆ ಹೇರಿ ಅವೆಲ್ಲವನ್ನೂ ಆ ಒಂದು ಬಾಗಿಲಿಗೆ ಆನಿಸಿದಂತೆ ಎಣಿಸಿಕೊಳ್ಳಿ. ಇಟ್ಟಿಗೆಯ ಗೋಡೆ ಇದಕ್ಕೆ ಎಳ್ಳಷ್ಟೂ ಸಾಲದು. ಬಂಡೆಯನ್ನು ಸುತ್ತಲೂ ಕೆತ್ತಿ ಕಚ್ಚು ಮಾಡಿ, ಕಾಂಕ್ರೀಟನ್ನು ಬೆಣೆಯಂತೆ ಅದರೊಳಗೆ ಕೂರಿಸಿ, ಸುತ್ತಲ ಬಿರುಕುಗಳಿಗೆ ಒತ್ತಡದಿಂದ ಸಿಮೆಂಟಿನ ನೀರು ತುಂಬಬೇಕು. ನಡುವೆ ಕೀಲಿಯಿರುವ ಕೊಳವೆ, ಒತ್ತಡ ತೋರಿಸುವ ಮುಳ್ಳು ಇರಬೇಕು. ಮುಳ್ಳನ್ನು ದಿನಾಲೂ ನೋಡುವ ಮನುಷ್ಯನೂ ಇರಬೇಕು.

ಇದಲ್ಲದೆ ಯಾರೂ ಕಟ್ಟದ ಗೋಡೆಯೊಂದಿದೆ. ಎರಡು ಗಣಿಗಳ ನಡುವೆ, ಹಳೆಯ ಸುರಂಗಕ್ಕೂ ಹೊಸ ಸುರಂಗಕ್ಕೂ ನಡುವೆ ಅಗೆಯದೆ ಬಿಡುವ ಬಂಡೆ ಅಥವಾ ಕಲ್ಲಿದ್ದಲು. ಅದಕ್ಕೆ ತಡೆಗಂಬ ಎನ್ನೋಣ. ದೇವರು ಕಟ್ಟಿದ ಗೋಡೆ. ಮನುಷ್ಯ ಮಾಡಬೇಕಾದ್ದು ಅದನ್ನು ಮುಟ್ಟದೆ ಇರುವುದು ಮಾತ್ರ. ನೀರು ನಿಂತಿರಬಹುದಾದ ಹಳೆಯ ಕೆಲಸಕ್ಕೆ 60 ಮೀಟರು ಹತ್ತಿರ ಬಂದರೆ ಗಣಿ ಸುರಕ್ಷಾ ಅಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಮುಂದುವರಿಯಕೂಡದೆಂದು ಕಲ್ಲಿದ್ದಲು ಗಣಿಗಳ ನಿಯಮ. ಅಪ್ಪಣೆ ಸಿಕ್ಕರೂ ಮುಂದಕ್ಕೆ ತೂತು ಕೊರೆದು ನೀರಿದೆಯೇ ಎಂದು ನೋಡಿಕೊಂಡೇ ಹೆಜ್ಜೆಯಿಡಬೇಕು.

1975ರ ಡಿಸೆಂಬರ್ 27ರಂದು ಧನಬಾದಿನ ಹತ್ತಿರ ಚಾಸ್ನಾಲಾ ಗಣಿಯಲ್ಲಿ ಇಂತಹ ತಡೆ ಒಡೆಯಿತು. ಹಳೆಯ ಕೆಲಸದಲ್ಲಿ ನಿಂತ ನೀರು ಕೆಳಗೆ ದುಡಿಯುವವರ ಮೇಲೆ ನುಗ್ಗಿತು. 375 ಮಂದಿ ಸತ್ತರು. 1979ರಲ್ಲಿ ಬಂದ "ಕಾಲಾ ಪತ್ಥರ್" ಚಿತ್ರ ನೋಡಿದವರು ಇಲ್ಲಿ ಬಹಳ ಮಂದಿ ಇರಬೇಕು. ಅದಕ್ಕೆ ಪ್ರೇರಣೆ ಈ ದುರಂತ. ಚಿತ್ರದಲ್ಲಿ ನಾಯಕ ಜನರನ್ನು ಹೊತ್ತು ತರುತ್ತಾನೆ. ಚಾಸ್ನಾಲಾದಲ್ಲಿ ಹೊತ್ತು ತರಲು ಜೀವಂತ ಯಾರೂ ಸಿಕ್ಕಲಿಲ್ಲ. 2001ರ ಫೆಬ್ರವರಿ 2ರಂದು ಅದೇ ಧನಬಾದು ಸೀಮೆಯ ಬಾಗ್‌ಡಿಗಿಯಲ್ಲಿ ಪಕ್ಕದ ಹಳೆಯ ಗಣಿಯ ನೀರು ನುಗ್ಗಿ 29 ಮಂದಿ ಹೋದರು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಅದೇ ಬಗೆಯ ಸಾವು.

2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ರಸ್ತೆಯ ಸುರಂಗ ಕುಸಿದು 41 ಮಂದಿ ಒಳಗೆ ಸಿಕ್ಕಿಕೊಂಡದ್ದು ತಮಗೆ ನೆನಪಿದೆ. ಅವರು ಕೆಲಸ ಮಾಡುತ್ತಿದ್ದ ತುದಿ ಕುಸಿಯಲಿಲ್ಲ. ಅವರ ಹಿಂದೆ, ಆಗಲೇ ಅಗೆದು ಮುಂದೆ ಹೋಗಿದ್ದ ಭಾಗ ಕುಸಿಯಿತು. 17 ದಿನಗಳ ಮೇಲೆ ನವೆಂಬರ್ 28ರಂದು ಎಲ್ಲರೂ ಬದುಕಿ ಬಂದರು. ಯಂತ್ರ ಕೆಟ್ಟು ನಿಂತಾಗ ಕೊನೆಯ ಕೆಲವು ಮೀಟರುಗಳನ್ನು ಕೈಯಲ್ಲಿ ಅಗೆದವರು ಇಲಿಬಿಲದ ಗಣಿಗಾರರೆಂದು ಕರೆಸಿಕೊಳ್ಳುವ ಬಡ ಕೂಲಿಗಳು. ಸಿನ್ನರಿನ ಬಳಿ ಹಾಯುವ ಸಮೃದ್ಧಿ ಹೆದ್ದಾರಿಯಲ್ಲಿ ಮುಂಬಯಿಗೆ ಹೋಗುವಾಗ ಇಗತಪುರಿಯ ಆಚೆ ಸುಮಾರು ಎಂಟು ಕಿಲೋಮೀಟರಿನ ಸುರಂಗ ಬರುತ್ತದೆ. 2025ರ ಜೂನ್ 5ರಂದು ಆ ಭಾಗ ತೆರೆಯಿತು. ಕೆಲವೇ ನಿಮಿಷಗಳಲ್ಲಿ ನಾವು ದಾಟುವ ಆ ದಾರಿಯ ಗೋಡೆಯನ್ನೂ ಯಾರೋ ನಮ್ಮಂತಹವರು ಕಟ್ಟಿದ್ದಾರೆ.

ಬಂಧುಗಳೇ, ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಣಿಯ ಲೆಕ್ಕದ ಪುಸ್ತಕದಲ್ಲಿ ಅದಿರಿನ ಟನ್ನು ಜಮೆಯ ಕಡೆ ಬರುತ್ತದೆ. ಗೋಡೆ ಖರ್ಚಿನ ಕಡೆ ಬರುತ್ತದೆ. ಗೋಡೆ ಕಟ್ಟಿದ ಪಾಳಿಯಲ್ಲಿ ಒಂದು ಗುಂಜಿ ಚಿನ್ನವೂ ಮೇಲೆ ಬರುವುದಿಲ್ಲ. ಆದ್ದರಿಂದ ಅವಸರ ಬಂದಾಗ ಮೊದಲು ನಿಲ್ಲುವ ಕೆಲಸ ಗೋಡೆಯದು. ಟನ್ನಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೂಲಿಕಾರನೂ ಗೋಡೆಗೆ ಬೆನ್ನು ಹಾಕುತ್ತಾನೆ. ಅವನ ಮನೆಯಲ್ಲಿ ಮಕ್ಕಳು ಗೋಡೆ ತಿನ್ನುವುದಿಲ್ಲವಲ್ಲ. ಇದು ಒಬ್ಬ ಮುಕಾದಮನ ಕೆಟ್ಟತನ ಎಂದು ತಿಳಿಯಬೇಡಿ. ಕೂಲಿಯ ಏರ್ಪಾಟೇ ಹಾಗಿದ್ದರೆ ಒಳ್ಳೆಯವನೂ ಗೋಡೆ ಬಿಡುತ್ತಾನೆ. ಮದ್ದೂ ಅಲ್ಲಿಯೇ ಇದೆ. ಗೋಡೆ ಕಟ್ಟುವ ಹೊತ್ತಿಗೂ ಅದಿರು ಒಡೆಯುವ ಹೊತ್ತಿಗೂ ಒಂದೇ ಕೂಲಿ ಬೇಕು. ಗೋಡೆ ಸರಿಯಿದೆಯೇ ಎಂದು ನೋಡುವವನು ಟನ್ನು ಎಣಿಸುವವನಾಗಿರಬಾರದು. ಗಣಿಯ ನಿಯಮಗಳಲ್ಲಿ ಕಾರ್ಮಿಕರ ಕಡೆಯ ಪರಿವೀಕ್ಷಕನಿಗೂ ಸುರಕ್ಷಾ ಸಮಿತಿಗೂ ಸ್ಥಾನ ಸಿಕ್ಕಿದ್ದು ಇದೇ ಕಾರಣಕ್ಕೆ. ಆ ಸ್ಥಾನವನ್ನು ಹೆಸರಿಗೆ ತುಂಬಿಸಿದರೆ ಅದು ಬಂಡೆಗೆ ಮುಟ್ಟದ ಗೋಡೆಯ ಹಾಗೆ.

ಇದೆಲ್ಲ ಗಣಿಯವರಿಗೆ ಆಯಿತು. ನಮಗೆ?

2019ರ ಜುಲೈ 2ರ ನಡುರಾತ್ರಿ ಮುಂಬಯಿಯ ಮಲಾಡಿನಲ್ಲಿ ಜಲಾಶಯದ ಆವರಣದ ಗೋಡೆ ಭಾರಿ ಮಳೆಯಲ್ಲಿ ಗುಡಿಸಲುಗಳ ಮೇಲೆ ಬಿದ್ದು 25ಕ್ಕೂ ಹೆಚ್ಚು ಜನ ಸತ್ತರು. ಮಣ್ಣನ್ನೋ ಇಳಿಜಾರನ್ನೋ ತಡೆಯುವ ಗೋಡೆಯ ಹಿಂದೆ ನೀರು ನಿಂತರೆ ಆಗುವುದು ಗಣಿಯ ಗಂಜಿ ಮರಳಿನ ಕಥೆಯೇ. ನಿಮ್ಮ ಚಾಳಿನ ಹಿಂದೆ ಗುಡ್ಡದ ಗೋಡೆಯಿದ್ದರೆ ಮಳೆಗಾಲಕ್ಕೆ ಮುಂಚೆ ನೋಡಿ. ಅದರಲ್ಲಿ ನೀರಿನ ತೂತುಗಳಿವೆಯೇ? ಕಸ, ಸಿಮೆಂಟು ಮೆತ್ತಿ ಮುಚ್ಚಿವೆಯೇ? ಗೋಡೆ ಹೊಟ್ಟೆ ಬಿಟ್ಟಿದೆಯೇ? ಮಳೆ ಬಂದಾಗ ತೂತಿನಿಂದ ನೀರು ಬರುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಬರುತ್ತಿದ್ದ ನೀರು ನಿಂತರೆ ಹೆದರಬೇಕು.

ಇಲ್ಲಿಯ ವಸಾಹತಿನಲ್ಲಿ ಹೊಸ ಶೆಡ್ಡಿಗೆ ಪಾಯ ಅಗೆಯುವಾಗ, ಕೊಳವೆಗೆ ಕಾಲುವೆ ತೋಡುವಾಗ ನಿಮ್ಮಲ್ಲಿ ಕೆಲವರು ಇಳಿಯುತ್ತೀರಿ. ಒಂದೂವರೆ ಮೀಟರಿಗಿಂತ ಆಳದ ತೋಡಿಗೆ ಹಲಗೆ, ಅಡ್ಡಪಟ್ಟಿಗಳ ಆಸರೆ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅಗೆದ ಮಣ್ಣನ್ನು ತೋಡಿನ ಅಂಚಿಗೇ ಪೇರಿಸಕೂಡದು. ಸಿನ್ನರಿನ ಕರಿಮಣ್ಣು ಒಣಗಿದಾಗ ಕಲ್ಲಿನಂತೆ ನಿಂತು ನಂಬಿಕೆ ಹುಟ್ಟಿಸುತ್ತದೆ. ಒಂದು ಮಳೆ ಬಿದ್ದರೆ ಬೆಣ್ಣೆಯಂತೆ ಜಾರುತ್ತದೆ. ಆಸರೆಯಿಲ್ಲದ ತೋಡಿಗೆ ಇಳಿಯುವುದಿಲ್ಲವೆಂದು ಒಬ್ಬನೇ ಹೇಳಿದರೆ ಕೆಲಸ ಹೋಗುತ್ತದೆ. ಹತ್ತು ಜನ ಸೇರಿ ಹೇಳಿದರೆ ಹಲಗೆ ಬರುತ್ತದೆ.

ಹೋಟೆಲಿನವರಿಗೂ ಒಂದು ಮಾತು. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ ಆವರಣದ ಮಾಳಿಗೆಯ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ನೂಲು ತೆಗೆದ ಗಿರಣಿಗಳು 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದವು. ಅದೇ ಆವರಣಗಳಲ್ಲಿ ಈಗ ನಮ್ಮ ಹುಡುಗರು ತಟ್ಟೆ ಎತ್ತುತ್ತಾರೆ. ಗಣಿಯಲ್ಲಿ ಗೋಡೆ ಎಷ್ಟು ಮುಖ್ಯವೋ ಹೋಟೆಲಿನಲ್ಲಿ ಬಾಗಿಲು ಅಷ್ಟು ಮುಖ್ಯ. ಹಿಂದಿನ ಬಾಗಿಲಿಗೆ ಅಕ್ಕಿಮೂಟೆ, ಗ್ಯಾಸಿನ ಸಿಲಿಂಡರು ಒಟ್ಟಿದ್ದರೆ ನೀವೇ ಒಂದು ಗೋಡೆ ಕಟ್ಟಿಕೊಂಡಂತೆ. ರಾತ್ರಿ ಮಲಗುವ ಹುಡುಗರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವ ಪದ್ಧತಿ ಎಲ್ಲಿಯಾದರೂ ಇದ್ದರೆ ಸಂಘದ ಗಮನಕ್ಕೆ ತನ್ನಿ.

ಕೋಲಾರದ ಗಣಿಗೆ ತಮಿಳರು, ತೆಲುಗರು, ಕನ್ನಡಿಗರು ಬಂದರು; ಬಹುಪಾಲು ಬಡ ದಲಿತ ಕುಟುಂಬಗಳು. ಊರು ಬಿಟ್ಟು ಬಂದವರು, ನಮ್ಮಂತೆಯೇ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ನೀರು ಏರಿ ಅವರ ಕೈಯ ಗೋಡೆಗಳನ್ನೆಲ್ಲ ಮುಳುಗಿಸಿತು. ಆದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಈಗಲೂ ನಡೆಯುತ್ತಿದೆ. ಈ ಹೊತ್ತಿಗೂ ಅಲ್ಲಿ ಪಾಳಿಯವರು ಬಂಡೆಯನ್ನು ಹಾರೆಯಿಂದ ತಟ್ಟಿ ಕಿವಿಗೊಡುತ್ತಿರುತ್ತಾರೆ.

ಮುಂದಿನ ತಿಂಗಳ ಸಭೆಗೆ ಬರುವಾಗ ಒಬ್ಬೊಬ್ಬರೂ ತಾವು ದುಡಿಯುವ ಜಾಗದ ಒಂದು ಗೋಡೆ, ಒಂದು ಬಾಗಿಲು ಚೆನ್ನಾಗಿ ನೋಡಿಕೊಂಡು ಬನ್ನಿ. ಕಂಡದ್ದನ್ನು ಕಾರ್ಯದರ್ಶಿಗಳಿಗೆ ಬರೆದು ಕೊಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ಅವರು ಬರೆದುಕೊಳ್ಳುತ್ತಾರೆ. ಹೆಸರು ಹಾಕಬೇಕಾಗಿಲ್ಲ.